ಅಂಗಳದಿಂದ ಅಕ್ಷರಕ್ಕೆ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದಲ್ಲಿ ಎಲ್ಲರ ಬಾಯಲ್ಲಿರುವ ಗಾದೆ. ಗೋಕರ್ಣಕ್ಕೆ ಹೋಗಿ ಪೂಜೆ ಪುನಸ್ಕಾರ ಮಾಡಿಸಲು ಕೈಯಲ್ಲಿ ಕಾಸಿರಬೇಕು, ಯಾಣದ ಕಾಡು ಹತ್ತಿ ಇಳಿಯಲು ಮೈಯಲ್ಲಿ ಕಸುವಿರಬೇಕು ಎಂಬುದು ಇದರ ತಾತ್ಪರ್ಯ. ಕುಮಟಾದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸಹ್ಯಾದ್ರಿಯ ದಟ್ಟ ಹಸಿರಿನ ನಡುವೆ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರ್ ಎತ್ತರದ ಮೋಹಿನಿ ಶಿಖರವೂ ಕಪ್ಪಗೆ ನಿಂತಿವೆ. ಈಗ ಬಂಡೆಗಳ ಸಮೀಪದವರೆಗೂ ವಾಹನ ಹೋಗುತ್ತದೆ. ಪ್ರವಾಸಿಗರ ಮಟ್ಟಿಗೆ ಗಾದೆಯ ಮೊದಲರ್ಧ ಹಳತಾಗಿದೆ.

ಆದರೆ ಆ ಸೀಮೆಯಲ್ಲೇ ಹುಟ್ಟಿದ ಮೂರು ವರ್ಷದ ಮಗುವಿನ ಮಟ್ಟಿಗೆ ಅದು ಇನ್ನೂ ಹಳತಾಗಿಲ್ಲ. ಘಟ್ಟದ ಊರೆಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ. ಒಂದು ಮನೆ ಅಡಿಕೆ ತೋಟದ ತಲೆಯಲ್ಲಿದ್ದರೆ ಇನ್ನೊಂದು ಹಳ್ಳದಾಚೆ, ಮತ್ತೊಂದು ಗುಡ್ಡದ ಓರೆಯಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕವೇ ಗತಿ. ದೊಡ್ಡವರೇ ಕೈಕೈ ಹಿಡಿದು ದಾಟುವ ಸಂಕವನ್ನು ಪುಟ್ಟ ಮಗು ಒಂಟಿಯಾಗಿ ದಾಟಿ ಶಾಲೆಗೆ ಹೋಗಲೆಂದು ಯಾರೂ ಅಪೇಕ್ಷಿಸುವಂತಿಲ್ಲ. ಸೊಕ್ಕೂ ಇಲ್ಲದ, ರೊಕ್ಕವೂ ಇಲ್ಲದ ಈ ವಯಸ್ಸಿನ ಮಗುವಿನ ಬಳಿಗೆ ಶಾಲೆಯೇ ನಡೆದು ಬರಬೇಕು.

ಹಾಗೆ ನಡೆದು ಬಂದ ಶಾಲೆಯ ಒಳಗೆ ಏನು ನಡೆಯಬೇಕು ಎಂಬುದು ಮುಂದಿನ ಪ್ರಶ್ನೆ. ಮಕ್ಕಳಿಗೆ ಹೊಟ್ಟೆತುಂಬ ಉಣ್ಣಲಿಕ್ಕಿ, ತಾಯಿ ತೋಟದ ಕೆಲಸ ಮುಗಿಸಿ ಬರುವವರೆಗೆ ಜೋಪಾನ ಮಾಡಿದರೆ ಸಾಕು ಎನ್ನುವವರಿದ್ದಾರೆ. ಅಕ್ಷರಮಾಲೆಯನ್ನೂ ಮಗ್ಗಿಯನ್ನೂ ಎಷ್ಟು ಬೇಗ ತಲೆಗೆ ತುಂಬಿದರೆ ಅಷ್ಟು ಲಾಭ ಎನ್ನುವವರು ಅದಕ್ಕಿಂತ ಹೆಚ್ಚಾಗಿದ್ದಾರೆ. ಮೂರರಿಂದ ಆರು ವರ್ಷದ ಮಗು ನಿಜವಾಗಿ ಹೇಗೆ ಕಲಿಯುತ್ತದೆ ಎಂದು ನೋಡಿದವರಿಗೆ ಇವೆರಡೂ ಸಾಲದೆಂದು ತೋರಿತು. ಅಂಥವರ ಪೈಕಿ ಕೆಲವರು ಇದೇ ಪಡುವಣ ಕರಾವಳಿಯಲ್ಲಿ, ಇದೇ ಮುಂಬಯಿ ಪ್ರಾಂತದಲ್ಲಿ ಕೆಲಸ ಮಾಡಿದವರು.

ಹೆಸರಿನ ಹಿಂದಿನ ಕಥೆ

ಅಂಗನವಾಡಿ ಎಂಬ ಹೆಸರು ಕನ್ನಡದ ಕಿವಿಗೆ ‘ಅಂಗನೆ’ಯನ್ನು ನೆನಪಿಸುತ್ತದೆ. ಕಾರ್ಯಕರ್ತೆ, ಸಹಾಯಕಿ, ಮೇಲ್ವಿಚಾರಕಿ ಎಲ್ಲರೂ ಹೆಂಗಸರೇ ಆಗಿರುವಾಗ ಹಾಗೆ ತಿಳಿದವರನ್ನು ದೂರುವಂತೆಯೂ ಇಲ್ಲ. ಆದರೆ ಅದರ ಮೂಲ ಮರಾಠಿಯ ‘ಅಂಗಣ’, ಅಂದರೆ ನಮ್ಮ ಅಂಗಳ. ಈ ಹೆಸರನ್ನು ಬಳಕೆಗೆ ತಂದವರು ತಾರಾಬಾಯಿ ಮೋಡಕ್ (1892-1973).

ತಾರಾಬಾಯಿಯವರು ಶಿಶುಶಿಕ್ಷಣಕ್ಕೆ ಬಂದದ್ದು ಗುಜರಾತಿನ ಭಾವನಗರದಲ್ಲಿ, ಗಿಜುಭಾಯಿ ಬಧೇಕ ಅವರ ಸಹವಾಸದಿಂದ. ಗಿಜುಭಾಯಿ ವಕೀಲಿ ಬಿಟ್ಟು ಮಕ್ಕಳ ಬೆನ್ನು ಹತ್ತಿದವರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದಿದ್ದ ಮರಿಯಾ ಮಾಂಟೆಸರಿಯವರ ವಿಚಾರಗಳನ್ನು ಓದಿ, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಹೊಡೆತ ಬಡಿತವೇ ಪಾಠವಾಗಿದ್ದ ಕಾಲದಲ್ಲಿ ಅಲ್ಲಿ ಕಥೆ, ಹಾಡು, ಆಟ, ನಾಟಕಗಳು ಪಾಠವಾದವು. ಅವರೊಡನೆ ದುಡಿದ ತಾರಾಬಾಯಿ 1926ರಲ್ಲಿ ನೂತನ ಬಾಲಶಿಕ್ಷಣ ಸಂಘದ ಸ್ಥಾಪನೆಗೆ ಕಾರಣರಾದರು. ಆದರೆ ಮಾಂಟೆಸರಿಯ ಮರದ ಉಪಕರಣಗಳು ದುಬಾರಿ. ಪಟ್ಟಣದ ಅನುಕೂಲಸ್ಥರ ಮಕ್ಕಳಿಗಷ್ಟೇ ಎಟುಕುವ ಶಿಕ್ಷಣ ಹಳ್ಳಿಯ ಬಡಮಗುವಿಗೆ ದಕ್ಕುವುದೆಂತು ಎಂಬ ಚಿಂತೆ ಅವರನ್ನು ಬಿಡಲಿಲ್ಲ. 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕಿರುವ ಕಡಲತೀರದ ಹಳ್ಳಿ ಬೋರ್ಡಿಗೆ ಹೋಗಿ ಗ್ರಾಮ ಬಾಲಶಿಕ್ಷಾ ಕೇಂದ್ರ ತೆರೆದರು. ಅಲ್ಲಿ ಅವರಿಗೆ ಜೊತೆಯಾದವರು ಅನುತಾಯಿ ವಾಘ್ (1910-1992).

ಬೋರ್ಡಿಯಲ್ಲಿ ಬಾಲವಾಡಿಯ ಕಟ್ಟಡವೇನೋ ಸಿದ್ಧವಾಯಿತು. ದಲಿತ ಕೇರಿಯ ಮಕ್ಕಳು ಮಾತ್ರ ಅದರ ಹೊಸ್ತಿಲು ತುಳಿಯಲಿಲ್ಲ. ಕರೆಸುವುದನ್ನು ಬಿಟ್ಟು ಈ ಇಬ್ಬರೂ ತಾವೇ ಕೇರಿಗೆ ಹೋದರು. ಗುಡಿಸಲ ಮುಂದಿನ ಅಂಗಳವನ್ನೇ ಗುಡಿಸಿ ಶಾಲೆ ನಡೆಸಿದರು. ಅಂಗಳದಲ್ಲಿ ನಡೆದ ವಾಡಿಯೇ ಅಂಗನವಾಡಿ. ಬೆಣಚುಕಲ್ಲು, ಚಿಪ್ಪು, ಎಲೆ, ಬೀಜ, ಮಣ್ಣು ಇವೇ ಅಲ್ಲಿನ ಉಪಕರಣಗಳಾದವು. 1957ರಲ್ಲಿ ಅವರು ಅಲ್ಲಿಂದ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋದರು. ದನ ಕಾಯುವ ಮಕ್ಕಳು ಶಾಲೆಗೆ ಬರಲಾರರೆಂದು ಕಂಡಾಗ ಶಾಲೆಯನ್ನೇ ಹುಲ್ಲುಗಾವಲಿಗೆ ಒಯ್ದರು. ಕೂಸುಗಳ ತೊಟ್ಟಿಲುಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದರು. ತಮ್ಮನನ್ನು ಎತ್ತಿಕೊಂಡೇ ಬರುವ ಅಕ್ಕನಿಗೆ ಆಗ ಮಾತ್ರ ಕಲಿಯಲು ಕೈ ಬಿಡುವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಉತ್ತರ ಕನ್ನಡ ಜಿಲ್ಲೆಯೂ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇತ್ತು. ಇಲ್ಲಿನ ಹಿರಿಯರು ಒಂದನೆಯ ಇಯತ್ತೆಗೂ ಹಿಂದಿನ ‘ಬಿನ್ನಯತ್ತೆ’ಯನ್ನು ನೆನೆಸಿಕೊಳ್ಳುತ್ತಾರೆ. ‘ಬಿನ್ ಇಯತ್ತೆ’, ಅಂದರೆ ಇಯತ್ತೆಯೇ ಇಲ್ಲದ ತರಗತಿ. ಚಿಕ್ಕ ಮಕ್ಕಳ ಕಲಿಕೆಗೆ ಆ ಕಾಲದ ಶಾಲಾವ್ಯವಸ್ಥೆ ಕೊಟ್ಟಿದ್ದ ಸ್ಥಾನ ಆ ಹೆಸರಿನಲ್ಲೇ ಇದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿದಾಗ ಬೋರ್ಡಿಯ ಹೆಸರನ್ನೇ ದೇಶಕ್ಕೆಲ್ಲ ಇಟ್ಟಿತು. ಕರ್ನಾಟಕದಲ್ಲಿ ಇದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ ನಿಯಮ ಸ್ವಲ್ಪ ಸಡಿಲ. 300 ಜನಸಂಖ್ಯೆಗೆ ಒಂದು ಅಂಗನವಾಡಿ, 150ಕ್ಕೆ ಒಂದು ಮಿನಿ ಅಂಗನವಾಡಿ ಎಂಬ ಮಾನದಂಡ ಯಾಣದಂಥ ಊರುಗಳಿಗೆ ಒಂದು ವರವೇ ಸರಿ. ಆದರೆ ಹೆಸರು ಬಂದಷ್ಟು ಸಲೀಸಾಗಿ ಬೋರ್ಡಿಯ ಅಂಗಳ ಬರಲಿಲ್ಲ. ತೂಕದ ತಕ್ಕಡಿ ಬಂತು, ಆಹಾರದ ಮೂಟೆ ಬಂತು, ದಾಖಲೆ ಪುಸ್ತಕಗಳು ಬಂದವು. ಹಸಿದ ಮಗು ಕಲಿಯಲಾರದು, ಆದ್ದರಿಂದ ಇವನ್ನು ಹಗುರವಾಗಿ ಕಾಣುವಂತಿಲ್ಲ. ಕೊರತೆಯಾದದ್ದು ಉಂಡ ಮಗುವಿನೊಡನೆ ಮಾತಾಡುವ ಹೊತ್ತು.

ಮಗು ತರುವ ಗಂಟು

ಅಂಗನವಾಡಿಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಮೂರು ವರ್ಷದಲ್ಲಿ ಅದು ಒಂದು ಭಾಷೆಯನ್ನು ಹೆಚ್ಚುಕಡಿಮೆ ಗೆದ್ದಿರುತ್ತದೆ. ಯಾರೂ ವ್ಯಾಕರಣ ಹೇಳಿಕೊಡದಿದ್ದರೂ ‘ಬಂದ’, ‘ಬಂತು’, ‘ಬರ್ತದೆ’ಗಳ ವ್ಯತ್ಯಾಸ ಅದಕ್ಕೆ ಗೊತ್ತು. ತೊಡಕು ಬರುವುದು ಮನೆಯ ಭಾಷೆಗೂ ಶಾಲೆಯ ಭಾಷೆಗೂ ನಡುವಿನ ಸಂಕದಲ್ಲಿ.

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಷ್ಟು ಚಿಕ್ಕ ಪ್ರದೇಶದಲ್ಲಿ ಎಷ್ಟೊಂದು ಮಾತುಗಳು! ಘಟ್ಟದ ತೋಟಗಳಲ್ಲಿ ಹವ್ಯಕ ಕನ್ನಡ, ಬುಡದ ಗದ್ದೆಬಯಲಿನಲ್ಲಿ ಹಾಲಕ್ಕಿ ಒಕ್ಕಲಿಗರ ಕನ್ನಡ, ಕಡಲತಡಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ. ಹವ್ಯಕರ ಮನೆಯಲ್ಲಿ ‘ಕೂಸು’ ಎಂದರೆ ಹೆಣ್ಣುಮಗು, ‘ಮಾಣಿ’ ಎಂದರೆ ಗಂಡುಮಗು. ಪುಸ್ತಕದ ಕನ್ನಡದಲ್ಲಿ ಕೂಸು ಯಾವ ಮಗುವೂ ಆಗಬಹುದು, ಮಾಣಿಯಂತೂ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುತ್ತಾನೆ! ಮನೆಯಲ್ಲಿ ‘ತೆಳ್ಳೇವು’ ತಿಂದು ಬಂದ ಮಗುವಿಗೆ ಚಿತ್ರಪಟದಲ್ಲಿ ‘ದೋಸೆ’ ತೋರಿಸಿದರೆ ಅದು ಬೇರೆಯೇ ತಿಂಡಿ ಎಂದು ತಿಳಿದರೆ ಆಶ್ಚರ್ಯವಿಲ್ಲ.

ಮಗು ‘ತೆಳ್ಳೇವು’ ಎಂದಾಗ ‘ಅಲ್ಲ, ದೋಸೆ ಅನ್ನು’ ಎಂದು ತಿದ್ದಿದರೆ ಮಗು ಕಲಿಯುವುದು ದೋಸೆ ಎಂಬ ಪದವನ್ನಲ್ಲ, ತನ್ನ ಮನೆಯ ಮಾತು ತಪ್ಪು ಎಂಬುದನ್ನು. ಎರಡು ಸಲ ಹಾಗಾದರೆ ಮೂರನೆಯ ಸಲ ಅದು ಬಾಯಿಯನ್ನೇ ಬಿಡುವುದಿಲ್ಲ. ಅನುಭವವಿರುವ ಅಕ್ಕೋರು ತಿದ್ದುವುದಿಲ್ಲ, ಸೇರಿಸುತ್ತಾರೆ. ‘ಹೌದಾ, ತೆಳ್ಳೇವು ತಿಂದ್ಯಾ? ಇಲ್ಲಿ ನೋಡು, ಈ ಚಿತ್ರದ ಅಜ್ಜಿಯೂ ಬಿಸಿಬಿಸಿ ದೋಸೆ ಹೊಯ್ತಾ ಇದ್ದಾಳೆ’ ಎಂದರೆ ಒಂದು ಪದಕ್ಕೆ ಎರಡಾಯಿತು, ಒಂದು ವಾಕ್ಯಕ್ಕೆ ಮತ್ತೊಂದು ಉದ್ದದ ವಾಕ್ಯ ಜೊತೆಯಾಯಿತು. ಮಗುವಿನ ಮಾತನ್ನೇ ಹಿಡಿದು ಸ್ವಲ್ಪ ಬೆಳೆಸಿ ಹಿಂದಿರುಗಿಸುವ ಈ ಸಣ್ಣ ಕೆಲಸಕ್ಕೆ ಪಠ್ಯಪುಸ್ತಕ ಬೇಡ. ಒಂದೊಂದು ಮಗುವಿಗೂ ದಿನಕ್ಕೆ ನಾಲ್ಕಾರು ಸಲ ಅದು ಸಿಗಬೇಕು, ಅಷ್ಟೆ.

ಆ ಗಂಟಿನಲ್ಲಿ ಕಥೆಗಳೂ ಇರುತ್ತವೆ. ಈ ಜಿಲ್ಲೆ ಜನಪದ ಸಾಹಿತ್ಯದ ಕಣಜ. ಕುಮಟಾದ ಡಾ. ಎಲ್.ಆರ್. ಹೆಗಡೆ, ಹೊನ್ನಾವರದ ಡಾ. ಎನ್.ಆರ್. ನಾಯಕರಂಥವರು ಸಂಗ್ರಹಿಸಿದ ಕಥೆ ಹಾಡುಗಳ ರಾಶಿಯೇ ಅದಕ್ಕೆ ಸಾಕ್ಷಿ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ನೆನಪಿನಲ್ಲಿಟ್ಟುಕೊಂಡ ಹಾಡುಗಳಿಗಾಗಿ. ಅಕ್ಷರ ಬಾರದ ಹಾಲಕ್ಕಿ ಅಜ್ಜಿಯೊಬ್ಬರು ನಾಡಿಗೆ ಪಾಠ ಹೇಳಬಹುದಾದರೆ, ಊರಿನ ಅಜ್ಜಿಯೊಬ್ಬರು ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಕಥೆ ಹೇಳುವುದಕ್ಕೆ ಅಡ್ಡಿಯೇನು?

ಯಾಣದ ಮಗುವಿಗೆ ಕಥೆ ಎಲ್ಲಿಂದಲೋ ತರಬೇಕಾಗಿಯೂ ಇಲ್ಲ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದದ್ದು ಇಲ್ಲೇ, ಸುತ್ತಣ ಮಣ್ಣು ಕಪ್ಪಾದದ್ದು ಆ ಬೂದಿಯಿಂದಲೇ ಎನ್ನುತ್ತದೆ ಸ್ಥಳಪುರಾಣ. ಈ ಕಥೆಯ ನಡುವೆಯೇ ಒಂದು ಆಟ ಅಡಗಿದೆ. ಅಕ್ಕೋರು ಮೋಹಿನಿಯಾಗಿ ಕುಣಿಯಬೇಕು, ಮಕ್ಕಳೆಲ್ಲ ಭಸ್ಮಾಸುರರಾಗಿ ಅವರು ಮಾಡಿದಂತೆಯೇ ಮಾಡಬೇಕು. ಸೊಂಟದ ಮೇಲೆ ಕೈ, ಹೆಗಲ ಮೇಲೆ ಕೈ, ಮೊಣಕಾಲ ಮೇಲೆ ಕೈ. ಆದರೆ ಅಕ್ಕೋರು ತಲೆಯ ಮೇಲೆ ಕೈಯಿಟ್ಟಾಗ ಮಾತ್ರ ಇಡಕೂಡದು, ಇಟ್ಟವನು ಬೂದಿ! ನೋಡಿದ್ದನ್ನು ಅನುಕರಿಸುವುದು ನಾಲ್ಕು ವರ್ಷದ ಮಗುವಿಗೆ ಸುಲಭ. ಅನುಕರಿಸಲು ಹೊರಟ ಕೈಯನ್ನು ಅರ್ಧದಲ್ಲೇ ತಡೆದು ನಿಲ್ಲಿಸುವುದು ಕಷ್ಟ. ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ತನ್ನನ್ನು ತಾನು ಹಿಡಿದುಕೊಳ್ಳುವ ಈ ಶಕ್ತಿಯೇ ಮುಂದೆ ಪಾಠದ ಮೇಲೆ ಗಮನ ನಿಲ್ಲಿಸುವುದಕ್ಕೂ ಸರದಿಗಾಗಿ ಕಾಯುವುದಕ್ಕೂ ಬುನಾದಿ ಎನ್ನುತ್ತದೆ ಇಂದಿನ ಮನಃಶಾಸ್ತ್ರ. ‘ಸುಮ್ಮನೆ ಕೈಕಟ್ಟಿ ಕೂತ್ಕೊ’ ಎಂದು ಗದರಿದರೆ ಅದು ಬೆಳೆಯುವುದಿಲ್ಲ, ಆಟದಲ್ಲಿ ಬೆಳೆಯುತ್ತದೆ. ಈ ಬಂಡೆಗಳು ಸುಣ್ಣಕಲ್ಲಿನವು ಎಂಬ ಭೂವಿಜ್ಞಾನದ ಪಾಠ ಹೈಸ್ಕೂಲಿನವರೆಗೆ ಕಾದರೂ ನಷ್ಟವಿಲ್ಲ. ‘ಕಲ್ಲು ಯಾಕೆ ಕಪ್ಪು?’ ಎಂಬ ಪ್ರಶ್ನೆ ಮಾತ್ರ ಕಾಯಬಾರದು.

ಐದು ಅಡಿಕೆಯ ಲೆಕ್ಕ

ಮಗು ಒಂದರಿಂದ ಇಪ್ಪತ್ತರವರೆಗೆ ಗಿಳಿಪಾಠ ಒಪ್ಪಿಸಿದರೆ ಮನೆಯವರಿಗೆ ಎಲ್ಲಿಲ್ಲದ ಸಂಭ್ರಮ. ಅದೇ ಮಗುವಿನ ಮುಂದೆ ಏಳು ಅಡಿಕೆ ಇಟ್ಟು ಎಣಿಸಲು ಹೇಳಿದರೆ ಬೆರಳು ಒಂದು ಲಯದಲ್ಲೂ ಬಾಯಿ ಇನ್ನೊಂದು ಲಯದಲ್ಲೂ ಓಡಿ, ಲೆಕ್ಕ ಒಂಬತ್ತಕ್ಕೋ ಐದಕ್ಕೋ ನಿಲ್ಲುತ್ತದೆ. ಸಂಖ್ಯೆಯ ಹೆಸರು ಬರುವುದು ಬೇರೆ, ಸಂಖ್ಯೆ ಬರುವುದು ಬೇರೆ. ಒಂದು ಅಡಿಕೆಗೆ ಒಂದೇ ಮಾತು, ಕೊನೆಯಲ್ಲಿ ಹೇಳಿದ ಮಾತೇ ಒಟ್ಟು ಎಷ್ಟೆಂಬುದು ಎಂಬ ತಿಳಿವಳಿಕೆ ನಿಧಾನವಾಗಿ ಮೂಡುವಂಥದು.

ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ (1896-1980) ಮಾಡಿ ತೋರಿಸಿದ ಒಂದು ಪ್ರಯೋಗವನ್ನು ಯಾಣದ ಜಗಲಿಯ ಮೇಲೂ ಮಾಡಬಹುದು. ಐದು ಅಡಿಕೆಯ ಎರಡು ಸಾಲುಗಳನ್ನು ಒಂದರೆದುರು ಒಂದರಂತೆ ಇಟ್ಟು ‘ಎರಡೂ ಸಮವೇ?’ ಎಂದರೆ ನಾಲ್ಕು ವರ್ಷದ ಮಗು ಹೌದೆನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲಿನ ಅಡಿಕೆಗಳನ್ನು ದೂರದೂರ ಸರಿಸಿ ಮತ್ತೆ ಕೇಳಿದರೆ ಬಹುಮಟ್ಟಿಗೆ ಉದ್ದದ ಸಾಲಿನಲ್ಲೇ ಹೆಚ್ಚಿದೆ ಎನ್ನುತ್ತದೆ. ಇದು ದಡ್ಡತನವಲ್ಲ. ಕಣ್ಣು ಹೇಳಿದ್ದನ್ನು ಮೀರಿ ಲೆಕ್ಕವನ್ನು ನಂಬುವುದಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ಕೂಡುವ ಕಳೆಯುವ ಲೆಕ್ಕವನ್ನು ಅದಕ್ಕೂ ಮೊದಲೇ ಪಾಟಿಯ ಮೇಲೆ ಬರೆಸಿದರೆ ಮಗು ಬರೆಯುತ್ತದೆ ನಿಜ, ತಿಳಿದು ಬರೆಯುವುದಿಲ್ಲ.

ಅಡಿಕೆಯ ಸೀಮೆಯ ಮಗುವಿಗೆ ಈ ವಿಷಯದಲ್ಲಿ ಒಂದು ಭಾಗ್ಯವುಂಟು. ಮನೆಯ ಅಂಗಳದಲ್ಲೇ ಅಡಿಕೆ ಒಣಗುತ್ತದೆ, ಜಗಲಿಯಲ್ಲೇ ಸುಲಿಯುತ್ತಾರೆ, ಆರಿಸುತ್ತಾರೆ. ಚಾಲಿ, ಕೋಕ, ಬಿಳಿಗೋಟು, ಕೆಂಪುಗೋಟು ಎಂದು ಬಣ್ಣ, ಗಾತ್ರ, ಒಡಕು ನೋಡಿ ಬೇರೆ ಬೇರೆ ಮಾಡುವ ಅಜ್ಜಿಯ ಪಕ್ಕದಲ್ಲಿ ಕುಳಿತ ಮಗು ವಿಂಗಡಣೆಯನ್ನು ನೋಡುತ್ತಲೇ ಬೆಳೆಯುತ್ತದೆ. ಒಂದೇ ವಸ್ತುವನ್ನು ಈ ಗುಣದಿಂದ ನೋಡಿದರೆ ಇಲ್ಲಿಗೆ, ಆ ಗುಣದಿಂದ ನೋಡಿದರೆ ಅಲ್ಲಿಗೆ ಎಂಬುದು ಗಣಿತಕ್ಕೂ ವಿಜ್ಞಾನಕ್ಕೂ ಮೊದಲ ಮೆಟ್ಟಿಲು. ಅಂಗನವಾಡಿಯ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಮಣಿ ಬಂದಿಲ್ಲವೆಂದು ಕಾಯುವ ಬದಲು ಹುಣಸೆಬೀಜ, ಗುಂಡುಕಲ್ಲು, ಚಿಪ್ಪುಗಳನ್ನು ಬುಟ್ಟಿಯಲ್ಲಿಟ್ಟರೆ ಅದೇ ಕೆಲಸವಾಗುತ್ತದೆ. ಮೂರು ವರ್ಷದವರು ಏನನ್ನೂ ಬಾಯಿಗೆ ಹಾಕಬಲ್ಲರು ಎಂಬ ಎಚ್ಚರ ಬೇಕು, ಅಷ್ಟೆ. ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಆಟದಲ್ಲೂ ಭಾರ, ಜಾರು, ಇಳಿಜಾರುಗಳ ಪಾಠವಿದೆ. ಮಕ್ಕಳು ಅದನ್ನು ಪಾಠವೆನ್ನುವುದಿಲ್ಲ.

ಮರಳು, ಬೆರಳು, ಅಕ್ಷರ

ನವರಾತ್ರಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯಲ್ಲಿ ಅಕ್ಷರ ಬರೆಸುವ ಪದ್ಧತಿ ನಮ್ಮಲ್ಲಿದೆ. ಹಿಂದಿನ ಗಾಂವಠಿ ಶಾಲೆಗಳಲ್ಲಿ ಮರಳ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಮಾಂಟೆಸರಿ ಉರುಟು ಕಾಗದದಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ ಬೆರಳಾಡಿಸಲು ಕೊಟ್ಟದ್ದರ ಹಿಂದೆಯೂ ಇದೇ ತತ್ತ್ವವಿದೆ. ಕಣ್ಣಿಗಿಂತ ಮೊದಲು ಬೆರಳು ಅಕ್ಷರದ ತಿರುವುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಹಳೆಯ ಶಾಲೆಯ ಬೆತ್ತವನ್ನು ಬಿಟ್ಟದ್ದು ಒಳ್ಳೆಯದಾಯಿತು. ಮರಳನ್ನೂ ಅದರೊಡನೆ ಎಸೆದದ್ದು ಮಾತ್ರ ಜಾಣತನವಲ್ಲ. ಪೆನ್ಸಿಲ್ ಹಿಡಿಯಬೇಕಾದ ಸಣ್ಣ ಸ್ನಾಯುಗಳು ಮೂರು ವರ್ಷದಲ್ಲಿ ಪಕ್ವವಾಗಿರುವುದಿಲ್ಲ. ಮಣ್ಣು ಕಲಸುವುದು, ಹೂ ಪೋಣಿಸುವುದು, ಮಡಲಿನ ಗರಿ ನೇಯುವುದು, ಅವರೆ ಸುಲಿಯುವುದು ಇವೆಲ್ಲ ಬರವಣಿಗೆಯ ತಯಾರಿಯೇ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಒಂದೇ ಅಕ್ಷರವನ್ನು ಪುಟಗಟ್ಟಲೆ ಬರೆಸುವುದು ತಯಾರಿಯಲ್ಲ, ದಂಡನೆ.

ಕನ್ನಡದ ಅಕ್ಷರಕ್ಕೆ ಒಂದು ಸೌಲಭ್ಯವೂ ಒಂದು ಭಾರವೂ ಇವೆ. ಉಚ್ಚರಿಸಿದಂತೆ ಬರೆಯುವ ಲಿಪಿಯಾದ್ದರಿಂದ ಚಪ್ಪಾಳೆ ತಟ್ಟುತ್ತ ‘ಮ-ರ’, ‘ಹ-ಸು’ ಎಂದು ಒಡೆಯುವುದು ಮಗುವಿಗೆ ಕಷ್ಟವಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಇದೇ ಜಿಲ್ಲೆಯ ದಿನಕರ ದೇಸಾಯಿಯವರು ಮಕ್ಕಳಿಗಾಗಿ ಬರೆದ ಪ್ರಾಸಬದ್ಧ ಪದ್ಯಗಳು ಕಿವಿಯನ್ನು ಈ ಒಡೆಯುವಿಕೆಗೆ ಹದಗೊಳಿಸುತ್ತವೆ. ಭಾರವಿರುವುದು ಆಕಾರಗಳ ಸಂಖ್ಯೆಯಲ್ಲಿ. ವರ್ಣಮಾಲೆಯ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದನ್ನು ಕುರಿತು ಮನಃಶಾಸ್ತ್ರಜ್ಞೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇವೆಲ್ಲದರ ಮೇಲೆ ಹಿಡಿತ ಸಾಧಿಸಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂದು ಕಂಡುಬಂದಿದೆ. ಅಷ್ಟು ದೀರ್ಘ ಹಾದಿಯನ್ನು ಅಂಗನವಾಡಿಯಲ್ಲೇ ಓಡಿ ಮುಗಿಸುವ ಅವಸರಕ್ಕೆ ಅರ್ಥವಿಲ್ಲ.

ಒಂದನೆಯ ತರಗತಿಗೆ ಹೋದಮೇಲೂ ‘ಅ’ದಿಂದ ಸಾಲಾಗಿ ಹೋಗಬೇಕೆಂದಿಲ್ಲ ಎಂಬುದನ್ನು ನಲಿ-ಕಲಿ ತೋರಿಸಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ಆರಂಭಿಸಿದ ಪದ್ಧತಿ ಇದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಇದರಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ದರ, ರಸ, ಅಗಸ, ಅರಸ ಎಂದು ಅರ್ಥವುಳ್ಳ ಪದಗಳನ್ನು ಓದಬಹುದು. ‘ಅ’ದಿಂದ ‘ಅಃ’ವರೆಗೆ ಬಾಯಿಪಾಠವಾದರೂ ಒಂದು ನೆಟ್ಟಗಿನ ಪದ ಓದಲಾಗದು ಎಂಬುದನ್ನು ನೆನೆದರೆ ಈ ಬದಲಾವಣೆಯ ಮಹತ್ವ ತಿಳಿಯುತ್ತದೆ. ಓದಿದರೆ ಏನೋ ಸಿಗುತ್ತದೆ ಎಂಬ ರುಚಿ ಮೊದಲ ವಾರಗಳಲ್ಲೇ ಹತ್ತಬೇಕು.

ಕೈ ಹಿಡಿಯುವುದು, ಕೈ ಬಿಡುವುದು

ಸಂಕ ದಾಟುವ ಮಗುವನ್ನು ತಾಯಿ ಮೊದಲು ಎತ್ತಿಕೊಳ್ಳುತ್ತಾಳೆ. ಮರುವರ್ಷ ಕೈ ಹಿಡಿಯುತ್ತಾಳೆ. ಆಮೇಲೆ ಹಿಂದೆ ಹಿಂದೆ ಬರುತ್ತಾಳೆ. ಒಂದು ದಿನ ದಡದಲ್ಲೇ ನಿಂತು ನೋಡುತ್ತಾಳೆ. ಕಲಿಕೆಗೆ ಒತ್ತಾಸೆಯಾಗುವುದು ಎಂದರೆ ಇದೇ. ರಷ್ಯದ ಲೆವ್ ವೈಗಾಟ್ಸ್ಕಿ (1896-1934), ಮಗು ಒಂಟಿಯಾಗಿ ಮಾಡಬಲ್ಲುದಕ್ಕೂ ಇನ್ನೊಬ್ಬರ ನೆರವಿನಿಂದ ಮಾಡಬಲ್ಲುದಕ್ಕೂ ನಡುವೆ ಇರುವ ಅಂತರವೇ ಕಲಿಸುವವರ ಕಾರ್ಯಕ್ಷೇತ್ರ ಎಂದರು. 1976ರಲ್ಲಿ ಜೆರೋಮ್ ಬ್ರೂನರ್ ಮತ್ತು ಅವರ ಸಹೋದ್ಯೋಗಿಗಳು ಈ ನೆರವನ್ನು ಕಟ್ಟಡಕ್ಕೆ ಕಟ್ಟುವ ಸಾರುವೆಗೆ ಹೋಲಿಸಿದರು. ಗೋಡೆ ಏಳುವವರೆಗೆ ಸಾರುವೆ ಬೇಕು, ಗೋಡೆ ನಿಂತಮೇಲೆ ಬಿಚ್ಚಬೇಕು.

ಬಿಚ್ಚುವುದೇ ಕಷ್ಟದ ಕೆಲಸ. ನಾಲ್ಕು ವರ್ಷದ ಹುಡುಗಿ ತಂಬಿಗೆಯಿಂದ ಲೋಟಕ್ಕೆ ನೀರು ಹೊಯ್ಯುತ್ತ ಚೆಲ್ಲಿದರೆ ದೊಡ್ಡವರ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಕೈಯನ್ನು ತಡೆದು ‘ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡು’ ಎಂಬ ಒಂದೇ ಮಾತು ಹೇಳುವುದಕ್ಕೆ ತಾಳ್ಮೆ ಬೇಕು, ಯಾವ ಮಗು ಎಲ್ಲಿದೆ ಎಂಬ ಅಂದಾಜೂ ಬೇಕು. ನಲಿ-ಕಲಿಯಲ್ಲಿ ಇದನ್ನು ಐದು ತಟ್ಟೆಗಳ ವ್ಯವಸ್ಥೆಯಾಗಿ ರೂಪಿಸಿದ್ದಾರೆ. ಒಂದು 'ತಟ್ಟೆ'ಯ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಮುಂದಿನದಕ್ಕೆ ಭಾಗಶಃ ನೆರವು, ಆಮೇಲಿನ ಎರಡಕ್ಕೆ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಕಾರ್ಡು ಕೈಗೆ ಬಂದಂತೆ ಮಗು ಗುಂಪಿನಿಂದ ಗುಂಪಿಗೆ ಎದ್ದು ಹೋಗುತ್ತದೆ. ಹದವರಿತು ನಡೆಸಿದ ಶಾಲೆಗಳಲ್ಲಿ ಇದು ಸೊಗಸಾಗಿ ಸಾಗಿದೆ. ಕಾರ್ಡು ಹಂಚುವುದೇ ಬೋಧನೆ ಎಂದುಕೊಂಡ ಕಡೆ ಯಾಂತ್ರಿಕವಾಗಿದೆ.

ಅಂಗನವಾಡಿಗೂ ರಾಜ್ಯ ಸರ್ಕಾರ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯವನ್ನು ಕೊಟ್ಟಿದೆ. ನನ್ನ ಮನೆ, ಪ್ರಾಣಿ, ಹಣ್ಣು, ನೀರು ಎಂಬಂಥ ವಿಷಯಗಳ ಸುತ್ತ ಹಾಡು, ಕಥೆ, ಆಟಗಳನ್ನು ಹೆಣೆದಿರುವ ಇದು ಒಳ್ಳೆಯ ಸಾಮಗ್ರಿಯೇ. ಅದನ್ನು ನಡೆಸುವವರ ದಿನಚರಿಯನ್ನು ನೋಡಬೇಕು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಹೀಗೆ ಆರು ಸೇವೆಗಳು ಒಬ್ಬರ ಹೆಗಲ ಮೇಲೆ. 2021ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ದಾಖಲೆಯೂ ಸೇರಿದೆ. ಅದಕ್ಕೆ ನೆಟ್‌ವರ್ಕ್ ಬೇಕು, ಘಟ್ಟದಲ್ಲಿ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಬೇಕಾದ ಜಾಗಗಳು ಈಗಲೂ ಇವೆ. ಆರರಲ್ಲಿ ಯಾವುದನ್ನು ಬಿಟ್ಟರೂ ಮೇಲಿನವರು ಕೇಳುತ್ತಾರೆ. ಮಗುವಿಗೆ ಕಥೆ ಹೇಳದಿದ್ದರೆ ಕೇಳುವವರಿಲ್ಲ. ಇಷ್ಟಾದರೂ ಕಾರ್ಯಕರ್ತೆಯರಿಗೆ ಕೊಡುವ ಹಣಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಇವರಿಗೆ ಉಪದಾನದ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರ ಏಪ್ರಿಲ್‌ನಲ್ಲಿ.

ಈ ವಯಸ್ಸಿಗೆ ಮಾಡಿದ ವೆಚ್ಚ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಮೆರಿಕದ ಮಿಷಿಗನ್ ರಾಜ್ಯದ ಪೆರಿ ಶಾಲೆಯ ಅಧ್ಯಯನವನ್ನು ನೋಡಬಹುದು. 1962ರಿಂದ 1967ರವರೆಗೆ ಅಲ್ಲಿನ 123 ಬಡ ಕರಿಯ ಮಕ್ಕಳ ಪೈಕಿ 58 ಮಂದಿಗೆ ಒಳ್ಳೆಯ ಶಿಶುಶಾಲೆಯ ಶಿಕ್ಷಣ ಕೊಟ್ಟು, ಎರಡೂ ಗುಂಪಿನವರನ್ನು ನಲವತ್ತು ವರ್ಷ ವಯಸ್ಸಾಗುವವರೆಗೂ ಗಮನಿಸಿದರು. ಶಿಶುಶಾಲೆಗೆ ಹೋದವರು ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ. ಅಲ್ಲಿಯೂ ಮಕ್ಕಳು ಮಾಡುತ್ತಿದ್ದುದು ತಾವೇ ಆರಿಸಿಕೊಂಡ ಆಟವನ್ನು, ಮಾಡಿದ ಮೇಲೆ ಅದರ ಬಗ್ಗೆ ಮಾತಾಡುವುದನ್ನು.

ನಮ್ಮ ಸಂವಿಧಾನ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ. 2002ರ ಅದೇ ತಿದ್ದುಪಡಿ ಆರರ ಕೆಳಗಿನವರನ್ನು 45ನೆಯ ವಿಧಿಯಲ್ಲಿ, ಸರ್ಕಾರ ಪ್ರಯತ್ನಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಇರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಕರೆದ ಮೇಲೆ, ಈ ಮಕ್ಕಳು ಯಾರ ಪಾಲು ಎಂಬ ಎಳೆದಾಟ ಜೋರಾಗಿದೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ 2024ರ ಜೂನ್‌ನಲ್ಲಿ ಅಂಗನವಾಡಿ ನೌಕರರು ಬೆಂಗಳೂರಿನಲ್ಲಿ ಧರಣಿ ಕೂತರು. ಆ ತರಗತಿಗಳನ್ನು ಅಂಗನವಾಡಿಯಲ್ಲೇ ನಡೆಸಿ ಎಂಬುದು ಅವರ ಬೇಡಿಕೆ. ಪೋಷಕರ ಆಸೆ ಇನ್ನೊಂದು ಬಗೆಯದು. ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಘಟ್ಟದ ರಸ್ತೆಯವರೆಗೆ ಬಂದರೆ ಮೂರೂವರೆ ವರ್ಷದ ಮಗುವನ್ನು ಅದಕ್ಕೆ ಹತ್ತಿಸುವವರನ್ನು ಬೈದು ಪ್ರಯೋಜನವಿಲ್ಲ. ಅಂಗನವಾಡಿಯಲ್ಲಿ ‘ಏನೂ ಕಲಿಸುವುದಿಲ್ಲ’ ಎಂದು ಅವರು ನಂಬಿದ್ದಾರೆ. ಆಟವೇ ಕಲಿಕೆ ಎಂಬುದನ್ನು ಅವರಿಗೆ ಯಾರೂ ಕೂರಿಸಿಕೊಂಡು ತೋರಿಸಿಲ್ಲ.

ವ್ಯಾನು ಹತ್ತಿದ ಮಗು ದಿನಕ್ಕೆ ಒಂದೆರಡು ತಾಸು ಘಟ್ಟದ ತಿರುವುಗಳಲ್ಲಿ ಓಲಾಡುತ್ತದೆ. ಇತ್ತ ಊರಿನ ಅಂಗನವಾಡಿಯಲ್ಲಿ ಉಳಿಯುವುದು ಏಳೆಂಟು ಮಕ್ಕಳು. ಮೂರು ವರ್ಷದವರಿಂದ ಆರು ವರ್ಷದವರವರೆಗೆ ಒಂದೇ ಕೋಣೆ, ಒಂದೇ ಚಾಪೆ. ಸರ್ಕಾರಿ ಲೆಕ್ಕದಲ್ಲಿ ಇದು ಕೊರತೆ. ಮಾಂಟೆಸರಿಯವರಾದರೋ ಬೇರೆ ಬೇರೆ ವಯಸ್ಸಿನವರನ್ನು ಬೇಕೆಂದೇ ಒಟ್ಟಿಗೆ ಕೂರಿಸಿದರು, ನಲಿ-ಕಲಿಯಲ್ಲೂ ಮೂರು ತರಗತಿಗಳು ಬೆರೆತು ಕೂರುತ್ತವೆ. ಐದು ವರ್ಷದವಳು ಮೂರು ವರ್ಷದವನಿಗೆ ಗುಂಡಿ ಹಾಕಲು ಹೇಳಿಕೊಡುವಾಗ ಇಬ್ಬರೂ ಕಲಿಯುತ್ತಿರುತ್ತಾರೆ. ಘಟ್ಟದ ಊರುಗಳಿಗೆ ಭೂಗೋಳವೇ ಈ ಏರ್ಪಾಡನ್ನು ಮಾಡಿಕೊಟ್ಟಿದೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳೂ ಮುಂಗಾರೂ ಒಟ್ಟಿಗೆ ಬರುತ್ತವೆ. ಮೊದಲ ವಾರವಿಡೀ ಹೊರಗೆ ಮಳೆ, ಒಳಗೆ ಅಳು. ಅಳುವ ಹೊಸಬನ ಪಕ್ಕಕ್ಕೆ ಹೋದ ವರ್ಷ ಹೀಗೆಯೇ ಅತ್ತವಳೊಬ್ಬಳನ್ನು ಕೂರಿಸಿ, ನಡುವೆ ಒಂದು ಬುಟ್ಟಿ ಹುಣಸೆಬೀಜ ಇಟ್ಟು, ಅಕ್ಕೋರು ಒಲೆಯ ಕಡೆಗೊಮ್ಮೆ ನೋಡಿ ಬರಲು ಏಳುತ್ತಾರೆ.